ತಾಯಿಗಿರುವ ಎಚ್‌ಐವಿ ಮಗುವಿಗೆ ಬರಲೇಬೇಕೆಂದಿಲ್ಲ

ಗರ್ಭಿಣಿಗೆ ಎಚ್‌ಐವಿ ಇದೆ ಎಂದು ತಿಳಿದ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಮಗುವಿನದು. ‘ತಾಯಿಗೆ ಬಂದ ಮೇಲೆ ಮಗುವಿಗೂ ಬಂದೇ ಬರುತ್ತದೆ’ ಎಂದು ಅನೇಕರು ನಂಬಿದ್ದಾರೆ. ಇದು ತಪ್ಪು. ಯಾವ ಚಿಕಿತ್ಸೆಯೂ ಸಿಗದಿದ್ದಾಗ ಇಂತಹ ತಾಯಂದಿರ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿಗೂ ಮಗುವಿಗೂ ಸರಿಯಾದ ಸಮಯಕ್ಕೆ ಔಷಧಿ ಸಿಕ್ಕರೆ ಈ ಸಂಖ್ಯೆ 5ಕ್ಕಿಂತ ಕೆಳಗಿಳಿಯುತ್ತದೆ. ಆ ಔಷಧಿ ನಮ್ಮ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆದರೂ ಕೆಲವು ಮಕ್ಕಳು ಇಂದಿಗೂ ಸೋಂಕಿನೊಂದಿಗೆ ಹುಟ್ಟುತ್ತಿವೆ. ಅದಕ್ಕೆ ಔಷಧಿಯ ಕೊರತೆಗಿಂತ ಮನೆಯೊಳಗಿನ ಮೌನ, ಸಂಕೋಚ ಮತ್ತು ತಪ್ಪು ತಿಳುವಳಿಕೆಗಳೇ ಹೆಚ್ಚು ಕಾರಣ.

ಹೇಗೆ ದಾಟುತ್ತದೆ?

ಎಚ್‌ಐವಿ ತಾಯಿಯಿಂದ ಮಗುವಿಗೆ ಮೂರು ಹಂತಗಳಲ್ಲಿ ದಾಟಬಹುದು: ಗರ್ಭದಲ್ಲಿರುವಾಗ, ಹೆರಿಗೆಯ ಸಮಯದಲ್ಲಿ ಮತ್ತು ಎದೆಹಾಲಿನ ಮೂಲಕ. ತಾಯಿಯ ರಕ್ತದಲ್ಲಿ ವೈರಾಣುಗಳು ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು. ಔಷಧಿಯ ಕೆಲಸ ಈ ಸಂಖ್ಯೆಯನ್ನು ತಗ್ಗಿಸುವುದು. ಮಗುವನ್ನು ಎತ್ತಿಕೊಳ್ಳುವುದು, ಮುದ್ದಿಸುವುದು, ಒಂದೇ ತಟ್ಟೆಯಲ್ಲಿ ಉಣ್ಣುವುದು, ಒಂದೇ ನಲ್ಲಿಯಲ್ಲಿ ವುಝೂ ಮಾಡುವುದು, ಬಟ್ಟೆ ಹಂಚಿಕೊಳ್ಳುವುದು ಇವುಗಳಿಂದ ಎಚ್‌ಐವಿ ಹರಡುವುದಿಲ್ಲ. ಆದ್ದರಿಂದ ಸೊಸೆಯ ತಟ್ಟೆ, ಲೋಟ ಬೇರೆ ಮಾಡುವುದರಿಂದ ಯಾರಿಗೂ ರಕ್ಷಣೆ ಸಿಗುವುದಿಲ್ಲ. ಅವಳ ಮನಸ್ಸು ಮಾತ್ರ ಮುರಿಯುತ್ತದೆ.

ಕರ್ನಾಟಕ ಕಂಡ ಬದಲಾವಣೆ

ದೇಶದಲ್ಲಿ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2000ದ ದಶಕದ ಮೊದಲ ವರ್ಷಗಳಲ್ಲಿ ಇಲ್ಲಿ ಸಮೀಕ್ಷೆಗೆ ಒಳಪಟ್ಟ 100 ಗರ್ಭಿಣಿಯರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕಿತ್ತು. ಬಾಗಲಕೋಟೆ, ಬೆಳಗಾವಿಯಂತಹ ಉತ್ತರದ ಜಿಲ್ಲೆಗಳಲ್ಲಿ ಪರಿಸ್ಥಿತಿ ಗಂಭೀರವಾಗಿತ್ತು. ಆಗ ಇದ್ದ ಉಪಾಯ ಒಂದೇ. ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಾಪಿನ್ ಎಂಬ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಅದೇ ಔಷಧಿಯ ಒಂದು ಗುಟುಕು ಸಿರಪ್. ಇದರಿಂದ ಅಪಾಯ ಸುಮಾರು ಅರ್ಧದಷ್ಟು ತಗ್ಗುತ್ತಿತ್ತು. ತಾಯಿಯ ಕಾಯಿಲೆಗೆ ಮಾತ್ರ ಏನೂ ಪ್ರಯೋಜನವಾಗುತ್ತಿರಲಿಲ್ಲ.

2004ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭಿಸಿತು. 2012ರಲ್ಲಿ ಆಂಧ್ರ, ತಮಿಳುನಾಡುಗಳ ಜೊತೆಗೆ ಕರ್ನಾಟಕದಲ್ಲಿ ಗರ್ಭಿಣಿಯರಿಗೆ ಹಲವು ಔಷಧಿಗಳನ್ನು ಒಟ್ಟಾಗಿ ಕೊಡುವ ಪದ್ಧತಿ ಮೊದಲು ಜಾರಿಗೆ ಬಂತು. 2014ರ ಜನವರಿಯಿಂದ ದೇಶದಾದ್ಯಂತ ಎಚ್‌ಐವಿ ಇರುವ ಪ್ರತಿ ಗರ್ಭಿಣಿಗೂ, ಹಾಲೂಡಿಸುವ ತಾಯಿಗೂ ಜೀವನಪೂರ್ತಿ ಚಿಕಿತ್ಸೆ ಎಂಬ ನಿಯಮವಾಯಿತು. ಈಗ ಮಗುವಿನ ಜೊತೆಗೆ ತಾಯಿಯೂ ಆರೋಗ್ಯವಾಗಿ ಉಳಿಯುತ್ತಾಳೆ.

ಇದಕ್ಕಾಗಿ ಬೇರೆ ದೇಶಗಳೂ ಹೋರಾಡಿವೆ. ದಕ್ಷಿಣ ಆಫ್ರಿಕಾದಲ್ಲಿ ಸರಕಾರ ಗರ್ಭಿಣಿಯರಿಗೆ ನೆವಿರಾಪಿನ್ ಕೊಡಲು ಹಿಂಜರಿದಾಗ ಜನ ನ್ಯಾಯಾಲಯಕ್ಕೆ ಹೋದರು. 2002ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಔಷಧಿ ಕೊಡಲೇಬೇಕೆಂದು ಆದೇಶಿಸಿತು. ಪಕ್ಕದ ಬೋಟ್ಸ್‌ವಾನಾದಲ್ಲಿ ಒಂದು ಕಾಲಕ್ಕೆ ಮೂವರು ಗರ್ಭಿಣಿಯರಲ್ಲಿ ಒಬ್ಬರಿಗೆ ಸೋಂಕಿತ್ತು. ತಾಯಿಯಿಂದ ಮಗುವಿಗೆ ದಾಟುವುದನ್ನು 100ಕ್ಕೆ 5ಕ್ಕಿಂತ ಕೆಳಗೆ ಇಳಿಸಿದ್ದಕ್ಕಾಗಿ 2021ರಲ್ಲಿ ಆ ದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. ಮಲೇಷ್ಯಾ, ಮಾಲ್ದೀವ್ಸ್, ಒಮಾನ್‌ಗಳು ಈ ರೀತಿಯ ಸೋಂಕನ್ನು ಬಹುತೇಕ ಇಲ್ಲವಾಗಿಸಿದ ದೇಶಗಳ ಪಟ್ಟಿ ಸೇರಿವೆ. ಅಷ್ಟು ಕಷ್ಟದಲ್ಲಿದ್ದ ದೇಶಕ್ಕೆ ಸಾಧ್ಯವಾದದ್ದು ನಮ್ಮ ಮೊಹಲ್ಲಾಗಳಿಗೆ ಖಂಡಿತ ಸಾಧ್ಯ.

ಮೊದಲ ಮೂರು ತಿಂಗಳಲ್ಲೇ ಪರೀಕ್ಷೆ

ಗರ್ಭ ನಿಂತಿದೆ ಎಂದು ತಿಳಿದ ಕೂಡಲೇ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ. ಹಿಮೋಗ್ಲೋಬಿನ್, ರಕ್ತದ ಗುಂಪಿನ ಜೊತೆಗೆ ಎಚ್‌ಐವಿ, ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಗಳನ್ನೂ ಮಾಡಿಸಿ. ಈ ಮೂರೂ ತಾಯಿಯಿಂದ ಮಗುವಿಗೆ ದಾಟುವ ಕಾಯಿಲೆಗಳು, ಮೂರನ್ನೂ ತಡೆಯಬಹುದು. ಬಡಾವಣೆಯ ಸರಕಾರಿ ಆರೋಗ್ಯ ಕೇಂದ್ರ, ಹೆರಿಗೆ ಆಸ್ಪತ್ರೆ, ಇಎಸ್‌ಐ ಕಾರ್ಡ್ ಇರುವವರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ, ದೊಡ್ಡ ಆಸ್ಪತ್ರೆಯೇ ಬೇಕೆಂದರೆ ವಾಣಿವಿಲಾಸ, ಹೀಗೆ ಎಲ್ಲಿ ಅನುಕೂಲವೋ ಅಲ್ಲಿಗೆ ಹೋಗಿ. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ.

‘ನಮ್ಮಂತಹ ಮನೆತನಕ್ಕೆ ಈ ಪರೀಕ್ಷೆ ಯಾಕೆ?’ ಎಂದು ಕೇಳುವವರಿದ್ದಾರೆ. ಪರೀಕ್ಷೆ ಯಾರ ಚಾರಿತ್ರ್ಯವನ್ನೂ ಅಳೆಯುವುದಿಲ್ಲ. ಪ್ರತಿ ಗರ್ಭಿಣಿಗೂ ಇದು ಇದೆ. ಸೋಂಕಿತ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿಗೆ ಅದು ಬಂದಿರುವುದು ಗಂಡನಿಂದಲೇ. ಆದ್ದರಿಂದ ಗಂಡನೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲದ ಹೆಣ್ಣಿಗೆ ಗರ್ಭದ ಕೊನೆಯ ತಿಂಗಳುಗಳಲ್ಲೋ, ಹಾಲೂಡಿಸುವಾಗಲೋ ಸೋಂಕು ತಗುಲಿದರೆ ಮಗುವಿಗೆ ಅಪಾಯ ಇನ್ನೂ ಹೆಚ್ಚು. ಹೊಸ ಸೋಂಕಿನಲ್ಲಿ ವೈರಾಣುಗಳ ಸಂಖ್ಯೆ ಬಹಳ ಏರಿರುತ್ತದೆ.

‘ನಮಗೆ ಖತ್ನಾ ಆಗಿದೆ, ಇದು ನಮಗೆ ಬರುವುದಿಲ್ಲ’ ಎಂಬುದು ಗಂಡಸರ ಇನ್ನೊಂದು ಭ್ರಮೆ. ದಕ್ಷಿಣ ಆಫ್ರಿಕಾ, ಕೀನ್ಯಾ, ಉಗಾಂಡಾಗಳಲ್ಲಿ ನಡೆದ ಅಧ್ಯಯನಗಳ ಪ್ರಕಾರ ಖತ್ನಾದಿಂದ ಹೆಣ್ಣಿನಿಂದ ಗಂಡಿಗೆ ಸೋಂಕು ತಗಲುವ ಸಾಧ್ಯತೆ 100ಕ್ಕೆ ಸುಮಾರು 60ರಷ್ಟು ತಗ್ಗುತ್ತದೆ. ಅಂದರೆ ಪೂರ್ತಿ ಇಲ್ಲವಾಗುವುದಿಲ್ಲ. ಸೋಂಕಿರುವ ಗಂಡನಿಂದ ಹೆಂಡತಿಯನ್ನಾಗಲಿ, ಅವಳ ಹೊಟ್ಟೆಯಲ್ಲಿರುವ ಮಗುವನ್ನಾಗಲಿ ಖತ್ನಾ ಕಾಪಾಡುವುದಿಲ್ಲ.

ದಿನಕ್ಕೊಂದು ಮಾತ್ರೆ

ಸೋಂಕು ಖಚಿತವಾದರೆ ಆಪ್ತ ಸಮಾಲೋಚಕರು ನಿಮ್ಮನ್ನು ಎಆರ್‌ಟಿ ಕೇಂದ್ರಕ್ಕೆ ಕಳುಹಿಸುತ್ತಾರೆ. ಈಗ ಸಾಮಾನ್ಯವಾಗಿ ಕೊಡುವುದು ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಿಗಳು ಸೇರಿದ ಒಂದೇ ಮಾತ್ರೆ. ದಿನಕ್ಕೊಮ್ಮೆ, ಒಂದೇ ವೇಳೆಗೆ, ಒಂದು ದಿನವೂ ತಪ್ಪಿಸದೆ ತೆಗೆದುಕೊಳ್ಳಬೇಕು. ಹೆರಿಗೆಯಾದ ಮೇಲೂ ನಿಲ್ಲಿಸಬಾರದು. ರಮಝಾನಿನಲ್ಲಿ ಇಫ್ತಾರಿನ ನಂತರದ ಒಂದು ವೇಳೆಯನ್ನು ಗೊತ್ತುಮಾಡಿಕೊಂಡರೆ ಮಾತ್ರೆ ತಪ್ಪುವುದಿಲ್ಲ. ಗರ್ಭಿಣಿಗೂ ಹಾಲೂಡಿಸುವವಳಿಗೂ ಉಪವಾಸದಲ್ಲಿ ಇರುವ ರಿಯಾಯಿತಿಯ ಬಗ್ಗೆ ಆಲಿಮರನ್ನು ವಿಚಾರಿಸಿ.

ಯುನಾನಿ ವೈದ್ಯನಾಗಿ ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಎಚ್‌ಐವಿಯನ್ನು ಗುಣಪಡಿಸುವ, ಅಥವಾ ಅದು ಮಗುವಿಗೆ ದಾಟದಂತೆ ತಡೆಯುವ ಮಾಜೂನ್, ಜೋಶಾಂದಾ, ಕುಶ್ತಾ ಯಾವುದೂ ನಮ್ಮ ಪದ್ಧತಿಯಲ್ಲಿಲ್ಲ. ಏಡ್ಸ್ ವಾಸಿ ಮಾಡುತ್ತೇವೆಂದು ಔಷಧಿ ಮಾರುವುದು ಕಾನೂನಿಗೂ ವಿರುದ್ಧ. ಹಾಗೆ ಹೇಳುವವರಿಂದ ದೂರವಿರಿ.

ಇನ್ನೊಂದು ಎಚ್ಚರಿಕೆ. ಕಬ್ಬಿಣ ಮತ್ತು ಸುಣ್ಣದ ಅಂಶಗಳು ಡೊಲುಟೆಗ್ರಾವಿರ್ ಹೊಟ್ಟೆಯಲ್ಲಿ ಹೀರಿಕೊಳ್ಳುವುದನ್ನು ತಡೆಯುತ್ತವೆ. ರಕ್ತ ಹೆಚ್ಚಲೆಂದು ಕೊಡುವ ಕುಶ್ತಾ ಫೌಲಾದ್ ಕಬ್ಬಿಣದ್ದು, ಕುಶ್ತಾ ಮರ್ಜಾನ್ ಹವಳದ್ದು, ಅಂದರೆ ಸುಣ್ಣದ್ದು. ಆಸ್ಪತ್ರೆಯಲ್ಲಿ ಕೊಡುವ ಐರನ್, ಕ್ಯಾಲ್ಸಿಯಂ ಮಾತ್ರೆಗಳೂ ಹಾಗೆಯೇ. ಖಾಲಿ ಹೊಟ್ಟೆಯಲ್ಲಿ ಇವೆರಡನ್ನೂ ಒಟ್ಟಿಗೆ ನುಂಗಬಾರದು. ಎಆರ್‌ಟಿ ಮಾತ್ರೆಯನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ತೆಗೆದುಕೊಳ್ಳಿ. ಯಾವ ಹಕೀಮರ ಬಳಿಗೆ ಹೋದರೂ ಎಆರ್‌ಟಿ ನಡೆಯುತ್ತಿದೆ ಎಂದು ಹೇಳಿ. ಐರನ್ ಮಾತ್ರೆಯನ್ನು ಮಾತ್ರ ಬಿಡಬೇಡಿ, ಅದೂ ಗರ್ಭಿಣಿಗೆ ಅಗತ್ಯ.

ತವರಿಗೆ ಹೋಗುವಾಗ

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ವಿಜಯನಗರದಲ್ಲಿ ಔಷಧಿ ಪಡೆಯುತ್ತಿದ್ದ ಹೆಣ್ಣುಮಗಳು ಏಳನೇ ತಿಂಗಳಲ್ಲಿ ಚನ್ನಪಟ್ಟಣಕ್ಕೋ, ಬಾಗಲಕೋಟೆಗೋ ಹೋಗುತ್ತಾಳೆ. ಅಲ್ಲಿ ಮಾತ್ರೆ ಮುಗಿಯುತ್ತದೆ. ತವರಿನವರಿಗೆ ಗೊತ್ತಾಗಬಾರದೆಂದು ಅವಳು ಬಾಯಿ ಬಿಡುವುದಿಲ್ಲ. ಹೆರಿಗೆ ಮಾಡಿಸುವ ಡಾಕ್ಟರಿಗೂ ವಿಷಯ ತಿಳಿಯುವುದಿಲ್ಲ, ಮಗುವಿಗೆ ಸಿರಪ್ ಸಿಗುವುದಿಲ್ಲ. ತಿಂಗಳುಗಟ್ಟಲೆ ಮಾಡಿದ ಪ್ರಯತ್ನ ಹೀಗೆ ಕೊನೆಯ ವಾರಗಳಲ್ಲಿ ವ್ಯರ್ಥವಾಗುತ್ತದೆ.

ಹೊರಡುವ ಮೊದಲೇ ಎಆರ್‌ಟಿ ಕೇಂದ್ರಕ್ಕೆ ತಿಳಿಸಿ. ತವರಿನ ಹತ್ತಿರದ ಕೇಂದ್ರಕ್ಕೆ ಪತ್ರ ಬರೆದುಕೊಡುತ್ತಾರೆ, ಅಲ್ಲಿಯೂ ಅದೇ ಮಾತ್ರೆ ಉಚಿತವಾಗಿ ಸಿಗುತ್ತದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ಡಾಕ್ಟರಿಗೆ ಮುಂಚಿತವಾಗಿ ವಿಷಯ ಗೊತ್ತಿರಲಿ. ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಆಪರೇಷನ್ ಬೇಕಿಲ್ಲ. ಔಷಧಿ ಸರಿಯಾಗಿ ನಡೆದಿದ್ದರೆ ಸಹಜ ಹೆರಿಗೆ ಸಾಧ್ಯ.

ಎದೆಹಾಲು ಮತ್ತು ಘುಟ್ಟಿ

ತಾಯಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲ 6 ತಿಂಗಳು ಬರೀ ಎದೆಹಾಲು ಕೊಡಬಹುದು. ಬರೀ ಎಂದರೆ ನೀರು, ಹಸುವಿನ ಹಾಲು, ಜೇನು, ಘುಟ್ಟಿ, ಗ್ರೈಪ್ ವಾಟರ್ ಏನೂ ಇಲ್ಲ. ಡಾಕ್ಟರು ಹೇಳಿದ ಔಷಧಿ ಮಾತ್ರ. ಎದೆಹಾಲಿನ ಜೊತೆಗೆ ಬೇರೆಯದನ್ನು ಬೆರೆಸಿದರೆ ಎಳೆಯ ಕರುಳಿನ ಒಳಪೊರೆಗೆ ಪೆಟ್ಟಾಗಿ ವೈರಾಣುವಿಗೆ ದಾರಿಯಾಗುತ್ತದೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಎದೆಹಾಲು ಕುಡಿದ ಮಕ್ಕಳಿಗಿಂತ ಎದೆಹಾಲಿನ ಜೊತೆ ಬೇರೆಯದನ್ನೂ ಕುಡಿದ ಮಕ್ಕಳಲ್ಲಿ ಸೋಂಕು ಹೆಚ್ಚು ಕಂಡುಬಂತು. ಎದೆಹಾಲೇ ಬೇಡ, ಬೇರೆ ಹಾಲೇ ಕೊಡುತ್ತೇವೆ ಎನ್ನುವವರು ಡಾಕ್ಟರ ಜೊತೆ ಮಾತನಾಡಿ ಹುಟ್ಟಿದ ದಿನದಿಂದಲೇ ಹಾಗೆ ಮಾಡಬೇಕು. ಎರಡನ್ನೂ ಬೆರೆಸುವುದೇ ಅಪಾಯ. 6 ತಿಂಗಳ ನಂತರ ಮೇಲಿನ ಆಹಾರ ಶುರುಮಾಡಿ, ಡಾಕ್ಟರು ಹೇಳುವವರೆಗೆ ಎದೆಹಾಲನ್ನೂ ಮುಂದುವರಿಸಬಹುದು.

ಮನೆಯ ಹಿರಿಯ ಹೆಂಗಸರಲ್ಲಿ ನನ್ನ ವಿನಂತಿ. ಹುಟ್ಟಿದ ಮಗುವಿಗೆ ಮಾಡುವ ತಹ್ನೀಕ್ ಒಂದು ಸಲದ ಸುನ್ನತ್. ದಿನವೂ ಚಮಚದಲ್ಲಿ ಘುಟ್ಟಿ ಕುಡಿಸುವುದು ಬರೀ ರೂಢಿ. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ತಹ್ನೀಕ್ ಬಗ್ಗೆ ಮಕ್ಕಳ ಡಾಕ್ಟರನ್ನು ಮೊದಲೇ ಕೇಳಿ. ಒಸಡಿನಲ್ಲಿ ರಕ್ತ ಬರುವವರು ಖರ್ಜೂರ ಅಗಿದು ಮಗುವಿನ ಬಾಯಿಗೆ ಇಡಬಾರದು. ವರ್ಷ ತುಂಬದ ಯಾವ ಮಗುವಿಗೂ ಜೇನು ಬೇಡ.

ನಲವತ್ತನೆಯ ದಿನ ನೆನಪಿರಲಿ

ಹುಟ್ಟಿದ ಕೂಡಲೇ ಮಗುವಿಗೆ ಔಷಧಿಯ ಸಿರಪ್ ಶುರುವಾಗಬೇಕು. ಸಾಮಾನ್ಯವಾಗಿ 6 ವಾರ, ಅಪಾಯ ಹೆಚ್ಚಿದ್ದರೆ 12 ವಾರ. ಆರನೇ ವಾರ ಅಂದರೆ ಬಾಣಂತಿಯ ಚಿಲ್ಲಾ ಮುಗಿಯುವ ಹೊತ್ತು. ಆಗ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಮೊದಲ ಪರೀಕ್ಷೆ ಮಾಡುತ್ತಾರೆ. ಅಂದಿನಿಂದಲೇ ಕೋಟ್ರಿಮಾಕ್ಸಜೋಲ್ ಎಂಬ ಇನ್ನೊಂದು ಸಿರಪ್ ಕೂಡ ಕೊಡುತ್ತಾರೆ. ಮುಂದೆ 6 ತಿಂಗಳಿಗೆ, 12 ತಿಂಗಳಿಗೆ, ಕೊನೆಯದಾಗಿ 18 ತಿಂಗಳಿಗೆ ಪರೀಕ್ಷೆ. ಮಗು ಗುಂಡಗಿದೆ, ನಗುತ್ತಿದೆ ಎಂದು ಇವನ್ನು ಬಿಡಬೇಡಿ. ಸೋಂಕಿದ್ದೂ ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತವೆ. ಬೇಗ ತಿಳಿದು ಚಿಕಿತ್ಸೆ ಶುರುವಾದ ಮಕ್ಕಳು ಶಾಲೆ, ಕಾಲೇಜು ಮುಗಿಸಿ ಬಾಳುತ್ತಾರೆ.

ಗುಟ್ಟು ಕಾಪಾಡುವ ಕಾನೂನು

ಹೆದರಿಕೆಯಿಂದ ಪರೀಕ್ಷೆಗೆ ಹೋಗದವರು ಇದನ್ನು ತಿಳಿದಿರಲಿ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಇದರಂತೆ ನಿಮ್ಮ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ. ಸೋಂಕಿನ ಕಾರಣಕ್ಕೆ ಆಸ್ಪತ್ರೆ ಚಿಕಿತ್ಸೆ ನಿರಾಕರಿಸುವಂತಿಲ್ಲ, ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಸಂಶಯವಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.

ಗಂಡನಾದವನು ಹೆಂಡತಿಯ ಜೊತೆ ಪರೀಕ್ಷೆಗೆ ಹೋಗಲಿ. ಅತ್ತೆಯಾದವರು ಸೊಸೆಯ ಮಾತ್ರೆಯ ವೇಳೆಯನ್ನು ನೆನಪಿಸಲಿ. ತಾಯಿಯಾದವರು ತವರಿಗೆ ಬಂದ ಮಗಳನ್ನು ಗದರದೆ ಆಸ್ಪತ್ರೆಗೆ ಕರೆದೊಯ್ಯಲಿ. ಇನ್‌ಶಾ ಅಲ್ಲಾಹ್, ಆ ಮಗುವಿನ 18 ತಿಂಗಳ ಪರೀಕ್ಷೆಯ ಚೀಟಿಯಲ್ಲಿ ‘ನೆಗೆಟಿವ್’ ಎಂದು ಬರುತ್ತದೆ.