ಸೋರಿಯಾಸಿಸ್ ವ್ಯಾಧಿ ಮತ್ತು ಸಸ್ಯಮೂಲ ಔಷಧಗಳು

ಮಾನವನ ಹೊರಚರ್ಮವು ಸದಾ ಹೊಸದಾಗುತ್ತಲೇ ಇರುವ ಒಂದು ಹೊದಿಕೆ. ಅದರ ತಳದಲ್ಲಿ ಹುಟ್ಟಿದ ಜೀವಕೋಶವು ಮೇಲಕ್ಕೇರಿ, ಒಣಗಿ, ಉದುರಿಹೋಗಲು ಸುಮಾರು ನಾಲ್ಕು ವಾರಗಳು ಹಿಡಿಯುತ್ತವೆ. ಸೋರಿಯಾಸಿಸ್ ಎಂಬ ವ್ಯಾಧಿಯಲ್ಲಿ ಇದೇ ಕಾರ್ಯವು ೩ರಿಂದ ೫ ದಿನಗಳಲ್ಲಿ ಮುಗಿದುಹೋಗುತ್ತದೆ. ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಂಡು ಮೊಣಕೈ, ಮೊಣಕಾಲು, ನೆತ್ತಿಗಳಲ್ಲಿ ಕೆಂಪು ದಡ್ಡುಗಳೂ ಅವುಗಳ ಮೇಲೆ ಬೆಳ್ಳಿಯ ಬಣ್ಣದ ಹೊಟ್ಟೂ ಕಾಣಿಸಿಕೊಳ್ಳುತ್ತವೆ. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಚರ್ಮವನ್ನು ಕೆಣಕುವುದು ಇದಕ್ಕೆ ಕಾರಣ. ಇದು ರೋಗಾಣುವಿನಿಂದ ಬಂದುದಲ್ಲ. ಮುಟ್ಟಿದರೆ, ಜೊತೆಯಲ್ಲಿ ಉಂಡರೆ, ಒಂದೇ ಚಾಪೆಯ ಮೇಲೆ ಮಲಗಿದರೆ ಅಂಟುವುದಿಲ್ಲ.

ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಹದಿನೆಂಟು ಬಗೆಯ ಚರ್ಮರೋಗಗಳನ್ನು ‘ಕುಷ್ಠ’ವೆಂಬ ಒಂದೇ ಹೆಸರಿನಡಿ ಸೇರಿಸಿದುವು. ಮೀನಿನ ಪೊರೆಯಂತೆ ಚರ್ಮವಾಗುವ ‘ಏಕಕುಷ್ಠ’ವನ್ನು ಇಂದಿನ ಅನೇಕ ವೈದ್ಯರು ಸೋರಿಯಾಸಿಸ್‌ಗೆ ಸಮೀಪವೆಂದು ಬಗೆಯುತ್ತಾರೆ. ಆದರೆ ಆಡುಮಾತಿನಲ್ಲಿ ಕುಷ್ಠವೆಂದರೆ ಉಳಿದುದು ಒಂದೇ ಅರ್ಥ. ಯುರೋಪಿನಲ್ಲಿಯೂ ಇದೇ ಗೊಂದಲವಿದ್ದಿತು. ೧೮೪೧ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯನು ಈ ವ್ಯಾಧಿಯನ್ನು ಕುಷ್ಠರೋಗದಿಂದ ಸ್ಪಷ್ಟವಾಗಿ ಬೇರ್ಪಡಿಸಿದನು. ಮೊಣಕೈಯಲ್ಲಿ ಹೊಟ್ಟೆದ್ದ ಬಾಲಕನೊಬ್ಬನನ್ನು ಕೊನೆಯ ಬೆಂಚಿಗೆ ಕಳುಹಿಸುವ ಅಥವಾ ಪಂಕ್ತಿಯಿಂದ ಬೇರೆ ಕೂರಿಸುವ ಅಧ್ಯಾಪಕರು ರೋಗಕ್ಕಿಂತ ಹೆಚ್ಚಿನ ನೋವನ್ನು ಅವನಿಗೆ ಕೊಟ್ಟಂತಾಗುವುದು.

ಈ ರೋಗದ ಚಿಕಿತ್ಸೆಯಲ್ಲಿ ಸಸ್ಯಗಳ ಪಾತ್ರ ಸಣ್ಣದಲ್ಲ. ಬ್ರೆಜಿಲ್ ದೇಶದ ಅರರೋಬ ಮರದ ಕಾಂಡದೊಳಗಿನ ಹಳದಿ ಪುಡಿಯನ್ನು ಪೋರ್ಚುಗೀಸರು ಗೋವೆಗೆ ತಂದರು. ‘ಗೋವಾ ಪುಡಿ’ಯೆಂದೇ ಪ್ರಸಿದ್ಧವಾದ ಅದನ್ನು ಜನ ಹುಳುಕಡ್ಡಿಗೆ ಹಚ್ಚುತ್ತಿದ್ದರು. ೧೮೭೦ರ ದಶಕದಲ್ಲಿ ಲಂಡನ್ನಿನ ಬಾಲ್ಮನ್ನೋ ಸ್ಕ್ವಯರ್ ಎಂಬ ಚರ್ಮವೈದ್ಯರ ಬಳಿ ಬಂದ ರೋಗಿಯೊಬ್ಬನು ತನ್ನದು ಹುಳುಕಡ್ಡಿಯೆಂದೇ ತಿಳಿದು ಈ ಪುಡಿಯನ್ನು ಬಳಸಿ ಗುಣ ಕಂಡಿದ್ದನು, ಅವನಿಗಿದ್ದುದು ಸೋರಿಯಾಸಿಸ್! ಮೊದಲನೆಯ ಮಹಾಯುದ್ಧದಲ್ಲಿ ಈ ಪುಡಿ ದೊರೆಯದಾದಾಗ ಜರ್ಮನಿಯಲ್ಲಿ ೧೯೧೬ರಲ್ಲಿ ಅದಕ್ಕೆ ಬದಲಾಗಿ ಡಿಥ್ರನಾಲ್ ಎಂಬ ಔಷಧವನ್ನು ತಯಾರಿಸಿದರು. ಬಟ್ಟೆಗೂ ಚರ್ಮಕ್ಕೂ ಕಂದು ಕಲೆ ಹತ್ತಿಸುವ ಈ ಮದ್ದು ರೋಗಿಗಳಿಗೆ ಅಷ್ಟೇನೂ ಪ್ರಿಯವಲ್ಲ. ಆದರೂ ದಶಕಗಳ ಕಾಲ ಆಸ್ಪತ್ರೆಗಳ ಆಸರೆಯಾಗಿ ನಿಂತಿತು.

ನಮ್ಮ ಬಾವಂಚಿ ಬೀಜದ ಕಥೆ ಬೇರೆ. ಅದರಲ್ಲಿರುವ ಸೊರಾಲೆನ್ ಎಂಬ ದ್ರವ್ಯವು ಚರ್ಮವನ್ನು ಬೆಳಕಿಗೆ ಬಹು ಸೂಕ್ಷ್ಮವಾಗಿಸುತ್ತದೆ. ಈ ಜಾತಿಯ ದ್ರವ್ಯವನ್ನು ಕೊಟ್ಟು ಅತಿನೇರಳೆ ಕಿರಣಗಳಿಗೆ ಮೈಯೊಡ್ಡಿಸುವ ‘ಪುವಾ’ ಚಿಕಿತ್ಸೆಯನ್ನು ೧೯೭೪ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದಾಗ ವೈದ್ಯಲೋಕವು ಬೆರಗಾಯಿತು. ದೀರ್ಘಕಾಲ ಮಾಡಿದರೆ ಚರ್ಮದ ಕ್ಯಾನ್ಸರ್ ಸಂಭವವು ಹೆಚ್ಚುವುದೆಂಬುದು ಅನಂತರ ತಿಳಿದುಬಂದಿತು. ಬಾವಂಚಿಯನ್ನು ಅರೆದು ಹಚ್ಚಿಕೊಂಡು ಬಿಸಿಲಿಗೆ ನಿಂತು ಬೊಬ್ಬೆ ಎಬ್ಬಿಸಿಕೊಂಡವರೂ, ಒಳಗೆ ಸೇವಿಸಿ ಯಕೃತ್ತಿಗೆ ಅಪಾಯ ತಂದುಕೊಂಡವರೂ ಉಂಟು.

ನಮಗೆ ಅತ್ಯಂತ ಆಪ್ತವೆನಿಸುವುದು ಹಾಲೆಮರ. ಚನ್ನಪಟ್ಟಣದ ಬಣ್ಣದ ಬೊಂಬೆಗಳಿಗೆ ಬೆಳ್ಳನೆಯ ಮೆದುಮರವನ್ನು ಕೊಡುವುದು ಇದೇ. ಇದರ ಹಸಿ ಎಲೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ನೆನೆಹಾಕಿ ಕೆಲವು ದಿನ ಬಿಸಿಲಿಗಿಟ್ಟರೆ ಎಣ್ಣೆಯು ಕಡುನೇರಳೆಗೆ ತಿರುಗುತ್ತದೆ. ತಮಿಳುನಾಡಿನ ಸಿದ್ಧವೈದ್ಯರು ಸೋರಿಯಾಸಿಸ್‌ಗೆ ಹಚ್ಚಿಸುವುದು ಈ ತೈಲವನ್ನೇ. ಎಲೆಯಲ್ಲಿ ನೀಲಿಯನ್ನು ಕೊಡುವ ದ್ರವ್ಯಗಳಿರುವುದರಿಂದಲೇ ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಬಣ್ಣ ಕಟ್ಟುವ’ ಎಂಬರ್ಥದ ಟಿಂಕ್ಟೋರಿಯ ಎಂಬ ಹೆಸರಿಟ್ಟರು. ಚೀನೀಯರು ಬೇರೆ ಗಿಡಗಳ ಎಲೆಗಳಿಂದ ತೆಗೆದ ನೀಲಿಯನ್ನು ಇದೇ ರೋಗಕ್ಕೆ ಬಳಸುತ್ತಾರೆ; ಅದರ ಲೇಪವನ್ನು ತೈವಾನಿನಲ್ಲಿ ಕ್ರಮಬದ್ಧವಾಗಿ ಪರೀಕ್ಷಿಸಿದಾಗ ದಡ್ಡುಗಳು ಇಳಿದುವು. ಹಾಲೆಯ ತೈಲಕ್ಕೆ ಅಷ್ಟು ಕಟ್ಟುನಿಟ್ಟಿನ, ದೊಡ್ಡ ಪರೀಕ್ಷೆಯ ಬಲವಿನ್ನೂ ದೊರೆತಿಲ್ಲ. ಹೆಸರಿನ ವಿಷಯದಲ್ಲಿಯೂ ಎಚ್ಚರ ಬೇಕು: ಕರಾವಳಿಯವರು ಆಟಿ ಅಮಾವಾಸ್ಯೆಯಂದು ತೊಗಟೆಯ ರಸವನ್ನು ಕುಡಿಯುವ ಏಳೆಲೆಯ ಹಾಲೆಯೇ ಬೇರೆ, ಈ ಮರವೇ ಬೇರೆ.

ಲೋಳೆಸರದ ಬಗೆಗಿನ ಪರೀಕ್ಷೆಗಳು ಪರಸ್ಪರ ವಿರುದ್ಧ ಫಲಗಳನ್ನು ಕೊಟ್ಟಿವೆ. ಬೇವು, ಅರಿಶಿನ, ಹೊಂಗೆಯೆಣ್ಣೆಗಳ ವಿಷಯದಲ್ಲಿ ನಂಬಿಕೆ ಹಿರಿದು, ಪುರಾವೆ ಕಿರಿದು. ಸಾಮಾನ್ಯ ಕೊಬ್ಬರಿ ಎಣ್ಣೆಯಾದರೂ ಹೊಟ್ಟನ್ನು ಮೆದುವಾಗಿಸಿ ತುರಿಕೆಯನ್ನು ಶಮನಗೊಳಿಸುವುದು.

ಈ ಯಾವ ಸಸ್ಯವೂ ರೋಗವನ್ನು ಬೇರುಸಹಿತ ಕೀಳಲಾರದು. ‘ಶಾಶ್ವತ ಪರಿಹಾರ’ವೆಂದು ಸಾರುವ ಕೆಲವು ಪುಡಿ, ಎಣ್ಣೆಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಮೊದಲ ವಾರದಲ್ಲಿ ಪವಾಡದಂತೆ ಗುಣ ಕಾಣುವುದು. ಹಠಾತ್ತಾಗಿ ನಿಲ್ಲಿಸಿದೊಡನೆ ಮೈಯೆಲ್ಲ ಕೆಂಪೇರಿ ಕೀವುಗುಳ್ಳೆಗಳು ಏಳಬಹುದು, ಪ್ರಾಣಕ್ಕೂ ಸಂಚಕಾರವಾಗಬಹುದು. ವೈದ್ಯರು ಕೊಟ್ಟ ಮಾತ್ರೆಗಳನ್ನು ಬಿಟ್ಟು ಎಲೆಯೆಣ್ಣೆಯನ್ನೇ ನೆಚ್ಚುವುದು ಸಲ್ಲದು. ದಡ್ಡುಗಳ ಜೊತೆಗೆ ಮುಂಜಾನೆ ಬೆರಳ ಗೆಣ್ಣುಗಳು ಬಿಗಿದುಕೊಳ್ಳುತ್ತಿದ್ದರೆ, ಹಿಮ್ಮಡಿ ನೋಯುತ್ತಿದ್ದರೆ, ರೋಗವು ಕೀಲುಗಳನ್ನು ಹೊಕ್ಕಿರಬಹುದು. ಅಂಥವರು ತಡಮಾಡದೆ ವೈದ್ಯರನ್ನು ಕಾಣಬೇಕು. ಒಮ್ಮೆ ಸವೆದ ಕೀಲನ್ನು ಯಾವ ತೈಲವೂ ಮರಳಿ ಕೊಡಲಾರದು.