ಕೇಳುಗರ ಪ್ರತಿಸ್ಪಂದನ ಮತ್ತು ಜನಪದ ಪಠ್ಯ: ಸಾಗರ, ಹೊಸನಗರ, ತೀರ್ಥಹಳ್ಳಿ ಪರಿಸರವನ್ನು ಅನುಲಕ್ಷಿಸಿ

ಜನಪದ ಸಾಹಿತ್ಯದ ಸಂಗ್ರಹಗಳಲ್ಲಿ ಹಾಡಿದವರ, ಕಥೆ ಹೇಳಿದವರ ಹೆಸರು, ಊರು, ವಯಸ್ಸುಗಳು ಸಾಮಾನ್ಯವಾಗಿ ದಾಖಲಾಗಿರುತ್ತವೆ. ಆ ಹೊತ್ತಿನಲ್ಲಿ ಎದುರಿಗೆ ಯಾರಿದ್ದರು, ಅವರು ಏನು ಹೇಳಿದರು ಎಂಬ ವಿವರ ಸಿಗುವುದು ವಿರಳ. ಮುದ್ರಿತ ಕೃತಿಗೆ ಓದುಗರ ಪ್ರತಿಕ್ರಿಯೆ ಬರುವುದು ಪಠ್ಯ ಪೂರ್ಣಗೊಂಡ ಮೇಲೆ. ಮೌಖಿಕ ಪರಂಪರೆಯಲ್ಲಾದರೋ ಪಠ್ಯ ರೂಪುಗೊಳ್ಳುತ್ತಿರುವಾಗಲೇ ಪ್ರತಿಸ್ಪಂದನವೂ ನಡೆಯುತ್ತದೆ. ಆದ್ದರಿಂದ ಅದು ಪಠ್ಯದ ಅಂಗವೇ ಆಗಿದೆ. ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕಂಡುಬರುವ ಮೂರು ಪ್ರಕಾರಗಳನ್ನು ಆಧರಿಸಿ ಈ ವಿಚಾರವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೂಂಗುಟ್ಟುವಿಕೆ

ಕಥನ ಸಂದರ್ಭದಲ್ಲಿ ಕೇಳುಗರಲ್ಲೊಬ್ಬರು ಹೂಂಗುಟ್ಟುವುದು ಕನ್ನಡ ನಾಡಿನಾದ್ಯಂತ ಪರಿಚಿತವಾದ ರೂಢಿ. ಹೂಂಗುಟ್ಟುವವರು ತೂಕಡಿಸಿದರೆ ಕಥೆ ನಿಲ್ಲುತ್ತದೆ ಇಲ್ಲವೇ ಮೊಟಕಾಗುತ್ತದೆ, ಮಕ್ಕಳು 'ಆಮೇಲೆ?' ಎಂದು ಕೇಳಿದರೆ ಹಿಗ್ಗುತ್ತದೆ. ಮುಂಚೆ ಕೇಳಿದ ಕಥೆಯಾಗಿದ್ದರೆ 'ಹಾಗಲ್ಲ' ಎಂದು ತಿದ್ದುವವರೂ ಇರುತ್ತಾರೆ. ಹೀಗೆ ಕಥೆಯ ವೇಗ, ಗಾತ್ರ ಮತ್ತು ಪರಂಪರೆಯ ಶುದ್ಧಿ, ಈ ಮೂರರ ಮೇಲೂ ಕೇಳುಗರ ಹತೋಟಿಯಿದೆ. ಆಲ್ಬರ್ಟ್ ಲಾರ್ಡ್ ಅವರು 1960ರಲ್ಲಿ ಪ್ರಕಟವಾದ 'ದಿ ಸಿಂಗರ್ ಆಫ್ ಟೇಲ್ಸ್' ಕೃತಿಯಲ್ಲಿ, ಶ್ರೋತೃಗಳ ಗಮನವು ಹಾಡಿನ ದೈರ್ಘ್ಯವನ್ನು ನಿರ್ಧರಿಸುವ ಬಗೆಯನ್ನು ಯುಗೊಸ್ಲಾವಿಯಾದ ಗಾಯಕರನ್ನು ಕುರಿತು ಚರ್ಚಿಸಿರುವುದು ಇಲ್ಲಿ ಸ್ಮರಣೀಯ.

ಅಂಟಿಗೆ-ಪಂಟಿಗೆ

ದೀಪಾವಳಿಯ ರಾತ್ರಿಗಳಲ್ಲಿ ಗಂಡಸರ ತಂಡವೊಂದು ದೀಪ ಹಿಡಿದು ಮನೆಯಿಂದ ಮನೆಗೆ ಹಾಡುತ್ತ ಸಾಗುವ ಅಂಟಿಗೆ-ಪಂಟಿಗೆ ಈ ಪ್ರದೇಶದ ವಿಶಿಷ್ಟ ಸಂಪ್ರದಾಯ. ಸ್ಥಳಭೇದದಿಂದ ಇದನ್ನು ಅಂಟಿಕೆ-ಪಿಂಟಿಕೆ ಎಂದೂ ಕರೆಯುವುದುಂಟು. ದೀವರು, ಒಕ್ಕಲಿಗರು ಮೊದಲಾದ ಕೃಷಿಕ ಸಮುದಾಯಗಳಲ್ಲಿ ಇದು ಬೆಳೆದುಬಂದಿದೆ. ಮುಂದಾಳುಗಳು ಹಾಡಿದ ಸಾಲನ್ನು ಉಳಿದವರು ಸೊಲ್ಲೆತ್ತಿ ಹಾಡುತ್ತಾರೆ. ಹೊತ್ತಿಸಿದ ದೀಪ ದಾರಿಯಲ್ಲಿ ನಂದಬಾರದು.

ಮುಚ್ಚಿದ ಬಾಗಿಲ ಮುಂದೆ ನಿಂತು ಬಾಗಿಲು ತೆಗೆಯುವಂತೆ ಕೋರುವ ಹಾಡಿನಿಂದ ಕಲಾಪ ಆರಂಭವಾಗುತ್ತದೆ. ಮನೆಯವರು ಬಾಗಿಲು ತೆರೆದು ದೀಪವನ್ನು ಬರಮಾಡಿಕೊಂಡು ಎಣ್ಣೆ ಎರೆಯುತ್ತಾರೆ. ಆ ಜ್ಯೋತಿಯಿಂದ ತಮ್ಮ ಮನೆಯ ದೀಪವನ್ನು ಹೊತ್ತಿಸಿಕೊಳ್ಳುತ್ತಾರೆ. ಅಕ್ಕಿ, ಕಾಯಿ, ಹಣ ಮುಂತಾದವನ್ನು ನೀಡುತ್ತಾರೆ. ಆಮೇಲೆ ಹರಕೆಯ ಹಾಡು. ಇಲ್ಲಿ ಗಮನಿಸಬೇಕಾದುದೆಂದರೆ, ಕೇಳುಗರ ಉತ್ತರ ಬಹುಮಟ್ಟಿಗೆ ಮಾತಿನಲ್ಲಿಲ್ಲ, ಕ್ರಿಯೆಯಲ್ಲಿದೆ. ಬಾಗಿಲು ತೆರೆಯದೆ ಮುಂದಿನ ಹಾಡಿಗೆ ಅವಕಾಶವಿಲ್ಲ. ಎಣ್ಣೆ ಎರೆಯದಿದ್ದರೆ ಎಣ್ಣೆಯ ಹಾಡಿಗೆ ಅರ್ಥವಿಲ್ಲ. ಹಾಡುಗಳ ಅನುಕ್ರಮವೇ ಮನೆಯವರ ಉತ್ತರವನ್ನು ಅವಲಂಬಿಸಿದೆ. ಪದ್ಯಗಳನ್ನಷ್ಟೇ ಅಚ್ಚು ಹಾಕಿದರೆ ಸಂವಾದದ ಒಂದು ಪಕ್ಷ ಮಾತ್ರ ಉಳಿದಂತಾಗುತ್ತದೆ.

ತಾಳಮದ್ದಳೆ

ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುವ ಮಳೆಗಾಲದಲ್ಲಿ ಮಲೆನಾಡಿನಲ್ಲಿ ತಾಳಮದ್ದಳೆ ಕೂಟಗಳು ಹೆಚ್ಚು. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ನಿಗದಿಯಾಗಿರುತ್ತದೆ. ಅರ್ಥಗಾರಿಕೆ ಮಾತ್ರ ಆಶುವಾದುದು. ಎದುರಿನ ಅರ್ಥಧಾರಿ ಇಲ್ಲಿ ಮೊದಲ ಕೇಳುಗ. ಆತನ ಆಕ್ಷೇಪಕ್ಕೆ ತಕ್ಕ ಸಮಾಧಾನ ಹೇಳದೆ ಪಾತ್ರ ಮುಂದುವರಿಯಲಾರದು. ಸಭಿಕರ ನಗೆ, ತಲೆದೂಗುವಿಕೆ, ಮೌನಗಳೂ ಮಾತಿನ ದಿಕ್ಕನ್ನು ಬದಲಿಸುತ್ತವೆ. ಆದರೆ ಈ ಪ್ರಭಾವ ಯಾವಾಗಲೂ ಹಿತಕರವೆನ್ನಲಾಗದು. ಚಪ್ಪಾಳೆಯ ಆಸೆಯಿಂದ ಅರ್ಥ ಪ್ರಸಂಗದ ಔಚಿತ್ಯವನ್ನು ಮೀರುವುದುಂಟು. ಆಗ ಪದ್ಯದ ಚೌಕಟ್ಟು, ಎದುರು ಅರ್ಥಧಾರಿಯ ವಿವೇಕ ಇವೇ ತಡೆಯಾಗುತ್ತವೆ.

ದಾಖಲಾತಿಯ ಪ್ರಶ್ನೆ

ಕೇಳುಗರು ಪಠ್ಯದ ಅಂಗವೆಂದಾದರೆ, ಕೇಳುಗರು ಚದುರಿದಾಗ ಪಠ್ಯವೂ ಚದುರುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯಿಂದ ಸಾಗರ, ಹೊಸನಗರ ತಾಲ್ಲೂಕುಗಳ ಅನೇಕ ಗ್ರಾಮಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿ, ಅಲ್ಲಿನ ಕುಟುಂಬಗಳು ಬೇರೆಡೆಗೆ ಹೋಗಬೇಕಾಯಿತು. ಹಾಡುಗಾರ ತನ್ನ ನೆನಪಿನಲ್ಲಿ ಪದ್ಯಗಳನ್ನು ಒಯ್ಯಬಲ್ಲ. ದೀಪ ಸಾಗುತ್ತಿದ್ದ ದಾರಿಯನ್ನು, ಎಣ್ಣೆ ಎರೆಯುತ್ತಿದ್ದ ನೆರೆಹೊರೆಯನ್ನು ಒಯ್ಯಲಾರ. ಇಂದು ಸಭಾ ವೇದಿಕೆಗಳಲ್ಲಿ ಅಂಟಿಗೆ-ಪಂಟಿಗೆ ಪ್ರದರ್ಶಿತವಾಗುವಾಗಲೂ ಇದೇ ಕೊರತೆ: ಹಾಡು ಇದೆ, ತೆರೆಯಬೇಕಾದ ಬಾಗಿಲಿಲ್ಲ.

ಆದ್ದರಿಂದ ಕ್ಷೇತ್ರಕಾರ್ಯದಲ್ಲಿ ಮೂರು ಅಂಶಗಳನ್ನು ಕಡ್ಡಾಯವಾಗಿ ದಾಖಲಿಸುವುದು ಅಗತ್ಯ. ಮೊದಲನೆಯದು, ಉಪಸ್ಥಿತರಿದ್ದವರ ಮತ್ತು ಹಾಡುಗಾರರ ಪರಸ್ಪರ ಸಂಬಂಧ. ಎರಡನೆಯದು, ನಡುವೆ ಬಂದ ಮಾತು, ತಿದ್ದುಪಡಿ, ಮೌನಗಳು ಮತ್ತು ಅವು ಬಂದ ಸ್ಥಾನ. ಮೂರನೆಯದು, ಅದರಿಂದ ಪಠ್ಯದಲ್ಲಾದ ಬದಲಾವಣೆ. ಧ್ವನಿಮುದ್ರಣವನ್ನು ಲಿಪ್ಯಂತರಿಸುವಾಗ ಇವನ್ನು ಅಡಚಣೆಯೆಂದು ಬಿಟ್ಟುಬಿಡುವ ಪದ್ಧತಿ ನಿಲ್ಲಬೇಕು. ಗ್ರಂಥಾಲಯಗಳು ಪರಿಷ್ಕೃತ ಪಠ್ಯದೊಡನೆ ಮೂಲ ಧ್ವನಿಮುದ್ರಿಕೆಯನ್ನೂ ಕಾಪಿಡುವುದು ಸೂಕ್ತ. ಹಾಡಿದವರಷ್ಟೇ ಕೇಳಿದವರೂ ಪರಂಪರೆಯ ವಾರಸುದಾರರೆಂಬುದನ್ನು ಮುಂದಿನ ಸಂಶೋಧಕರಿಗೆ ತೋರಿಸಿಕೊಡಬಲ್ಲ ಆಧಾರ ಅದೊಂದೇ.