ಭೌತವಿಜ್ಞಾನದಿಂದ ಆಸ್ಪತ್ರೆಗೆ

ಭೌತವಿಜ್ಞಾನವನ್ನು ಓದಿದವರು ಉಪಾಧ್ಯಾಯರಾಗಬೇಕು, ಇಲ್ಲವೆ ಸಂಶೋಧಕರಾಗಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ನನ್ನ ಶಿಷ್ಯೆಯೊಬ್ಬಳು ಎಂ.ಎಸ್‌ಸಿ. ಮುಗಿಸಿ ವೈದ್ಯಕೀಯ ಭೌತವಿಜ್ಞಾನದ ತರಬೇತಿಗೆ ಹೊರಟಾಗ ಅವಳ ತಂದೆಯವರು, “ಡಾಕ್ಟರಾಗದವಳಿಗೆ ಆಸ್ಪತ್ರೆಯಲ್ಲೇನು ಕೆಲಸ, ಮೇಷ್ಟ್ರೇ?” ಎಂದು ನನ್ನನ್ನು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ವಾಚಕರ ಮುಂದೆ ಇಡುತ್ತೇನೆ.

ಈ ಸಂಬಂಧ ಹೊಸದಲ್ಲ. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಕಂಡುಹಿಡಿದ ಕ್ಷಕಿರಣಗಳು ಮರುವರ್ಷವೇ ವೈದ್ಯರ ಕೈ ಸೇರಿದವು. ಮೊದಲನೆಯ ಮಹಾಯುದ್ಧದಲ್ಲಿ ಮೇಡಂ ಕ್ಯೂರಿಯವರು ಕ್ಷಕಿರಣಯಂತ್ರಗಳನ್ನು ಮೋಟಾರುಗಳಲ್ಲಿಟ್ಟು ರಣರಂಗದ ಸಮೀಪಕ್ಕೆ ಒಯ್ದರು; ಸುಮಾರು 150 ಮಂದಿ ಸ್ತ್ರೀಯರಿಗೆ ಅವನ್ನು ನಡೆಸುವ ಶಿಕ್ಷಣವಿತ್ತರು. ಭಾರತದಲ್ಲಿ, ಇಂದು ಭಾಭಾ ಪರಮಾಣು ಸಂಶೋಧನ ಕೇಂದ್ರವೆನಿಸಿರುವ ಟ್ರಾಂಬೆಯ ಸಂಸ್ಥೆಯಲ್ಲಿ, ಭೌತವಿಜ್ಞಾನದ ಪದವೀಧರರಿಗೆ ಇಂತಹ ತರಬೇತಿ 1962ರಲ್ಲಿ ಆರಂಭವಾಯಿತು.

ಭೌತವಿಜ್ಞಾನಿಯೇ ಏಕೆ ಬೇಕು? ಒಂದು ಲೆಕ್ಕವನ್ನು ನೋಡೋಣ. ದೇಹದ ಒಂದು ಕಿಲೋಗ್ರಾಮು ಒಂದು ಜೂಲ್‌ನಷ್ಟು ವಿಕಿರಣಶಕ್ತಿಯನ್ನು ಹೀರಿದರೆ ಆ ಮಾತ್ರೆಗೆ ಒಂದು ‘ಗ್ರೇ’ ಎಂದು ಹೆಸರು. ಇಡೀ ದೇಹದ ಮೇಲೆ ಒಮ್ಮೆಗೇ ಸುಮಾರು 4 ಗ್ರೇ ಬಿದ್ದರೆ, ಚಿಕಿತ್ಸೆಯಿಲ್ಲದ ಪಕ್ಷದಲ್ಲಿ ಅರ್ಧದಷ್ಟು ಜನ ಬದುಕುಳಿಯಲಾರರು. 70 ಕಿಲೋಗ್ರಾಮು ತೂಗುವವನಲ್ಲಿ ಇದು 280 ಜೂಲ್ ಮಾತ್ರ. ಒಂದು ಸಣ್ಣ ಗುಟುಕು ಬಿಸಿ ಕಾಫಿ ದೇಹಕ್ಕೆ ಕೊಡುವ ಶಾಖವೂ ಹೆಚ್ಚುಕಡಮೆ ಇಷ್ಟೆ! ಮೈಯ ಉಷ್ಣತೆ ಏರುವುದು ಒಂದು ಡಿಗ್ರಿಯ ಸುಮಾರು ಸಾವಿರದಲ್ಲೊಂದು ಭಾಗದಷ್ಟು ಮಾತ್ರ.

ಹಾಗಾದರೆ ಕೇಡೆಲ್ಲಿಂದ? ಕಾಫಿಯ ಶಾಖ ಎಲ್ಲ ಅಣುಗಳಿಗೂ ಹಂಚಿಹೋಗುತ್ತದೆ. ವಿಕಿರಣವಾದರೋ ಅಲ್ಲಲ್ಲಿ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಜೀವಕೋಶದ ಡಿ.ಎನ್.ಎ. ಎಳೆಗಳನ್ನೇ ತುಂಡರಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದೇ ಗುಣವನ್ನು ಉಪಯೋಗಿಸಿಕೊಳ್ಳುತ್ತಾರೆ. ಗೆಡ್ಡೆಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ಕೆಲವು ವಾರಗಳ ಕಾಲ ಕಿರಣ ಹಾಯಿಸುತ್ತಾರೆ. ಮಾತ್ರೆ ಕಡಮೆಯಾದರೆ ಗೆಡ್ಡೆ ಉಳಿಯುತ್ತದೆ. ಹೆಚ್ಚಾದರೆ ಪಕ್ಕದ ಆರೋಗ್ಯವಂತ ಅಂಗಕ್ಕೆ ಹಾನಿಯಾಗುತ್ತದೆ. ಕಣ್ಣಿಗೆ ಕಾಣದ, ಚರ್ಮಕ್ಕೆ ತಿಳಿಯದ ಈ ಮಾತ್ರೆಯನ್ನು ಅರಿಯುವುದು ಉಪಕರಣವೊಂದೇ. ಆದುದರಿಂದ ಯಂತ್ರದ ಕಿರಣವನ್ನು ನೀರಿನ ತೊಟ್ಟಿಯಲ್ಲಿ ಅಳೆದು ನೋಡುವುದೂ, ಪ್ರತಿಯೊಬ್ಬ ರೋಗಿಗೂ ಲೆಕ್ಕ ಹಾಕುವುದೂ ಭೌತವಿಜ್ಞಾನಿಯ ಹೊಣೆ.

ಈ ವೃತ್ತಿಯನ್ನು ಆರಿಸುವವರಿಗೆ ಉದ್ಯೋಗದ ಭರವಸೆಯೂ ಒಂದು ಕಾರಣವೇ. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ. ಮನೆಯವರೊಬ್ಬರ ಕಾಯಿಲೆಯನ್ನು ಕಂಡು ಈ ಕಡೆಗೆ ತಿರುಗಿದವರೂ ಉಂಟು. ನನ್ನ ಶಿಷ್ಯೆ ರಜೆಯಲ್ಲಿ ಬಂದಾಗ ಬೇರೊಂದು ಕಾರಣವನ್ನು ಹೇಳಿದಳು: “ಕಾಲೇಜಿನ ಪ್ರಯೋಗದಲ್ಲಿ ಉತ್ತರ ಶೇಕಡ 5ರಷ್ಟು ತಪ್ಪಿದರೆ ನೀವು ಒಂದು ಅಂಕ ಕಳೆಯುತ್ತಿದ್ದಿರಿ, ಸಾರ್. ಅಲ್ಲಿ ಅಷ್ಟು ತಪ್ಪುವಂತಿಲ್ಲ. ನಾನು ಕಲಿತದ್ದು ಯಾರಿಗೋ ಬೇಕಾಗಿದೆ ಎಂದು ದಿನವೂ ತಿಳಿಯುತ್ತದೆ.”

ಆ ದಿನದಿಂದ ನನ್ನ ಪ್ರಯೋಗಶಾಲೆಯಲ್ಲಿ ಅಳತೆಯ ದೋಷವನ್ನು ಕುರಿತ ಪಾಠಕ್ಕೆ ಒಂದು ಗಂಟೆ ಹೆಚ್ಚು ಮೀಸಲಾಗಿದೆ.